ಮಲೆನಾಡಿನ ಮಳೆ ತಡೆದ ಸಮುರಾಯ್ ಬೋರ್ಡು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಮಿನಿಯೇಚರ್ ಆಟ (ಬೋರ್ಡಿನ ಮೇಲೆ ಪುಟ್ಟ ಯೋಧರ ಗೊಂಬೆ, ಪುಟ್ಟ ಮನೆ ಇಟ್ಟು ಆಡುವ ಕಾಳಗ) ಆಗೋದಲ್ಲ, ಬೋರ್ಡು ಸೊಟ್ಟಗಾಗುತ್ತೆ, ಮನೆಗಳಿಗೆ ಬೂಷ್ಟು ಹಿಡಿಯುತ್ತೆ, ಎಸಿ ಕೋಣೆ ಇದ್ದವರಿಗೆ ಮಾತ್ರ ಈ ಹವ್ಯಾಸ ಅಂತ ಹೇಳಿದವರು ಬಹಳ ಜನ. ನನ್ನ ಜೊತೆ ಆಡುವ ಗೆಳೆಯನೇ "ಇದು ಒಂದು ಮಳೆಗಾಲ ತಡೆಯೋದಲ್ಲ ಮಾರಾಯ" ಅಂದಿದ್ದ. ಈಗ ಹಳೆಯ ಜಪಾನಿನ ಸಮುರಾಯ್ ಯೋಧರ ಕಾಳಗಕ್ಕೆಂದು ಮಾಡಿದ ಅದೇ ಬೋರ್ಡು, ಅದೇ ಮನೆಗಳು ತೀರ್ಥಹಳ್ಳಿಯ ಮಳೆ ದಾಟಿ ನೆಟ್ಟಗಿವೆ, ಅವನೇ ಶಿವಮೊಗ್ಗದಲ್ಲಿ ಇಂಥದೇ ಇನ್ನೊಂದು ಮಾಡಿಕೊಂಡಿದ್ದಾನೆ. 28 ಮಿ.ಮೀ. ಎತ್ತರದ ಗೊಂಬೆ ಜೋಡಿಸಿ, ಬಣ್ಣ ಬಳಿದು ಅಭ್ಯಾಸ ಇದ್ದವರಿಗಾಗಿ ಬರೆಯುತ್ತಿದ್ದೇನೆ. ನೀರಿನಿಂದ ಏನೇನು ಕೆಡುತ್ತದೆ, ಅದಕ್ಕೆ ಏನು ಮಾಡಬೇಕು ಎನ್ನುವುದೇ ಇಲ್ಲಿ ಮುಖ್ಯ.

ಬೋರ್ಡು ಎರಡಡಿಗೆ ಎರಡಡಿ, ಒಂದೊಂದಡಿಯ ನಾಲ್ಕು ಹಲಗೆ. ಒಬ್ಬೊಬ್ಬರಿಗೆ ಐದಾರು ಗೊಂಬೆ ಇರುವ ಆಟಕ್ಕೆ ಇಷ್ಟು ಸಾಕು. ಥರ್ಮಾಕೋಲ್ ಅಗ್ಗ ನಿಜ, ಆದರೆ ಸ್ಪ್ರೇ ಬಣ್ಣದ ಥಿನ್ನರ್ ತಾಗಿದಲ್ಲೆಲ್ಲ ಕರಗಿ ಗುಂಡಿ ಬೀಳುತ್ತದೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಅಂಚಿನಿಂದ ನೀರು ಕುಡಿದು ಉಬ್ಬುತ್ತದೆ. ಕಾಗದ ಅಂಟಿಸಿದ ಫೋಮ್ ಬೋರ್ಡಿಗೆ ಒಂದು ಮಗ್ಗುಲು ಅಂಟು ಬಳಿದರೆ ಆ ಕಡೆಯ ಕಾಗದ ನೆನೆದು ಹಿಗ್ಗಿ, ಒಣಗುವಾಗ ಕುಗ್ಗಿ, ಮೂಲೆಗಳು ಮೇಲೆದ್ದು ಬಿಡುತ್ತವೆ. ಉಳಿದದ್ದು ಸನ್‌ಬೋರ್ಡು. ಫ್ಲೆಕ್ಸ್ ಹಾಕುವ ಅಂಗಡಿಯಲ್ಲಿ 5 ಮಿ.ಮೀ. ದಪ್ಪದ ತುಂಡುಗಳು ಮೂಲೆಯಲ್ಲಿ ಬಿದ್ದಿರುತ್ತವೆ, ನಾಲ್ಕು ಹಲಗೆಗೆ ಆಗುವಷ್ಟಕ್ಕೆ ನೂರೈವತ್ತು ರೂಪಾಯಿಯ ಆಸುಪಾಸು ಕೊಟ್ಟ ನೆನಪು. ಅದು ಪಿವಿಸಿ, ನೀರು ಕುಡಿಯುವುದೇ ಇಲ್ಲ.

ಆದರೆ ಅದೇ ಕಾರಣಕ್ಕೆ ಫೆವಿಕಾಲ್ ಅದರ ಮೇಲೆ ಸರಿಯಾಗಿ ಕೂರುವುದಿಲ್ಲ. 80ರ ಉಪ್ಪುಕಾಗದದಿಂದ ಎರಡು ದಿಕ್ಕಿಗೂ ಚೆನ್ನಾಗಿ ಉಜ್ಜಿ ಹೊಳಪು ತೆಗೆಯಬೇಕು. ಅಂಟು ಮೇಲಿನಿಂದ ಮಾತ್ರ ಒಣಗುವುದರಿಂದ ಒಂದೇ ಸಲ ದಪ್ಪ ಬಳಿದರೆ ಒಳಗೆ ಹಾಲಿನಂತೆ ಬಿಳಿಯಾಗಿಯೇ ಉಳಿಯುತ್ತದೆ. ತೆಳ್ಳಗೆ ಎರಡು ಸಲ, ನಡುವೆ ಒಂದು ದಿನ, ಆರಿದ್ರಾ ಮಳೆ ಹಿಡಿದಿದ್ದರೆ ಎರಡು ದಿನ. ಮರಳು ತುಂಗೆಯದು. ಮೂರು ನೀರಿನಲ್ಲಿ ತೊಳೆದು, ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಹಳೆಯ ಕಾವಲಿಯ ಮೇಲೆ ಕೈಗೆ ಗರಗರ ಎನ್ನುವವರೆಗೆ ಹುರಿಯುತ್ತೇನೆ. ಹೊಳೆಯ ಮರಳಿನಲ್ಲಿ ಎಲೆಯ ಪುಡಿ, ಬೇರಿನ ಚೂರು ಇರುತ್ತವೆ. ಹುರಿಯದೆ ಹಾಕಿದರೆ ಬೂಷ್ಟು ಬಣ್ಣದ ಅಡಿಯಿಂದಲೇ ಏಳುತ್ತದೆ. ಮೇಲೆ ತೆಳುವಾಗಿ ಜಂಬಿಟ್ಟಿಗೆ ಪುಡಿ. ಜಪಾನಿನ ಮಣ್ಣಿಗಿಂತ ಕೆಂಪು ಜಾಸ್ತಿ ಎಂದು ಗೆಳೆಯನ ತಕರಾರು. ಬೂದು ಬಣ್ಣ ಒಂದು ಕೈ ಎಳೆದರೆ ಹದಕ್ಕೆ ಬರುತ್ತದೆ.

ಈಗ ಮನೆಗಳು. ಜಪಾನಿನ ಹಳೆಯ ಮನೆ ಕಂಬದಿಂದ ಕಂಬಕ್ಕೆ ಒಂದು 'ಕೆನ್', ಅಂದರೆ ಸುಮಾರು 182 ಸೆಂ.ಮೀ. ನಾವು ಅಂಕಣ ಲೆಕ್ಕದಲ್ಲಿ ಮನೆ ಹೇಳುವಂತೆಯೇ ಅವರದೂ. ಒಂದು ತತಾಮಿ ಚಾಪೆ ಒಂದು ಕೆನ್ ಉದ್ದ, ಅರ್ಧ ಕೆನ್ ಅಗಲ. ನಮ್ಮ ಗೊಂಬೆಗಳ 1:56 ಪ್ರಮಾಣದಲ್ಲಿ ಒಂದು ಕೆನ್‌ಗೆ ಸುಮಾರು 32 ಮಿ.ಮೀ. ಬರುತ್ತದೆ. ಎರಡು ಅಂಕಣ ಅಗಲ, ಮೂರು ಅಂಕಣ ಉದ್ದದ ಮನೆ ಎಂದರೆ 64ಕ್ಕೆ 96. ಅಳತೆ ನಿಜವಾಗಿಟ್ಟರೆ ಒಂದು ತೊಂದರೆ: ಅರ್ಧ ಕೆನ್‌ನ ಬಾಗಿಲು 16 ಮಿ.ಮೀ., ಗೊಂಬೆ ನಿಲ್ಲುವ ಗುಂಡು ಅಡಿಬಿಲ್ಲೆ ಸುಮಾರು 25 ಮಿ.ಮೀ. ಹಾಗಾಗಿ ಬಾಗಿಲು ಪೂರ್ತಿ ಒಂದು ಕೆನ್, ಜಗಲಿ 28 ಮಿ.ಮೀ., ಸೂರು ಎತ್ತಿ ತೆಗೆಯುವಂತೆ. ಜಗಲಿಯಲ್ಲಿ ಗೊಂಬೆ ನಿಲ್ಲದಿದ್ದರೆ ಆಟದಲ್ಲಿ ಆ ಮನೆ ಬರೀ ಗೋಡೆ.

ಗೋಡೆಗೆ ಅಡಿಕೆ ಹಾಳೆ. ಅದರ ಗೆರೆಗಳು ಹಳೆಯ ಹಲಗೆಯ ಗೆರೆಯಂತೆಯೇ ಇವೆ, ಕೊರೆಯುವ ಕೆಲಸವೇ ಇಲ್ಲ. ತೋಟದಿಂದ ಹೆಕ್ಕಿ ತಂದ ಹಾಳೆ ಮಾತ್ರ ಬೇಡ. ಹವೆ ಬದಲಾದಂತೆ ಸುರುಳಿ ಸುತ್ತಿ ಕಂಬವನ್ನೇ ಕಿತ್ತುಕೊಂಡು ಬರುತ್ತದೆ, ಎರಡು ವಾರದಲ್ಲಿ ಕಪ್ಪು ಚುಕ್ಕೆ. ಊಟದ ಹಾಳೆ ತಟ್ಟೆ ತೆಗೆದುಕೊಳ್ಳಿ. ಅದು ಬಿಸಿ ಅಚ್ಚಿನಲ್ಲಿ ಒತ್ತಿದ್ದು, ತಳದ ಸಪಾಟು ಭಾಗ ಸಪಾಟಾಗಿಯೇ ಉಳಿಯುತ್ತದೆ. ಹನ್ನೆರಡು ಇಂಚಿನ ತಟ್ಟೆಗೆ ನಾನು ಕೊಟ್ಟದ್ದು ಆರೇಳು ರೂಪಾಯಿ, ಒಂದರಲ್ಲಿ ಒಂದು ಮನೆಯ ಗೋಡೆ ಆಗುತ್ತದೆ. ಕತ್ತರಿಸಿದ ಅಂಚಿಗೂ, ಒಳಮೈಗೂ ಸೇರಿ ಆರೂ ಮೈಗೆ ನೀರು ಬೆರೆಸಿದ ಫೆವಿಕಾಲ್ ಹಚ್ಚಬೇಕು. ಒಳಮೈ ಕಾಣುವುದಿಲ್ಲ ಅಂತ ಬಿಟ್ಟರೆ ಅಲ್ಲಿಂದಲೇ ಕೆಡುತ್ತದೆ.

ಬೂಷ್ಟಿಗೆ ಮದ್ದು ತೋಟದ ಮನೆಯಲ್ಲೇ ಇತ್ತು: ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ. ಶೇ. 1ರ ದ್ರಾವಣ, ಅಂದರೆ ಲೀಟರಿಗೆ ಮೈಲುತುತ್ತ 10 ಗ್ರಾಂ, ಸುಣ್ಣ 10 ಗ್ರಾಂ. ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರು ಹೊಯ್ಯುವುದು. ಕಬ್ಬಿಣದ ಚೂರಿ ಅದ್ದಿ ನೋಡಿ, ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ. ಕತ್ತರಿಸಿದ ಹಾಳೆ ತುಂಡುಗಳನ್ನು ಅದರಲ್ಲಿ ಅದ್ದಿ ತೆಗೆದು, ಒಣಗಿದ ಮೇಲೆ ಅಂಟು ಹಚ್ಚುತ್ತೇನೆ. ಉಳಿಯುವ ನೀಲಿ ಛಾಯೆ ಬಣ್ಣದಡಿ ಹೋಗುತ್ತದೆ. ಅಡುಗೆಯ ಪಾತ್ರೆ ಮುಟ್ಟಬೇಡಿ, ಮಕ್ಕಳಿಂದ ದೂರ ಇಡಿ. ಇದೇ ಹುರುಪಿನಲ್ಲಿ ಬರೀ ತುತ್ತದ ನೀರನ್ನು ಗೊಂಬೆಯ ಅಡಿಬಿಲ್ಲೆಯ ಮರಳಿಗೂ ಹಾಕಿ ನೋಡಿದ್ದಾಯಿತು. ಅದು ಅಡಿಬಿಲ್ಲೆಗೆ ಬಳಸಿದ ಕಬ್ಬಿಣದ ವಾಷರನ್ನೇ ತಿಂದುಬಿಡುತ್ತದೆ. ಹಾಳೆಗೆ ಮಾತ್ರ, ಅದೂ ಸುಣ್ಣ ಸೇರಿಸಿಯೇ.

ಹುಲ್ಲಿನ ಸೂರಿಗೆ ಅಡಿಕೆ ಸಿಪ್ಪೆಯ ನಾರು ನೋಡಲು ಚಂದ, ಆದರೆ ಗಿಡ್ಡ, ಗುಂಗುರು. ತೆಂಗಿನ ನಾರಿನ ಹಳೆಯ ಕಾಲೊರಸು ಒಂದು ಬಿಚ್ಚಿದರೆ ಇಡೀ ಹಳ್ಳಿಗೆ ಸಾಕು. 25 ಮಿ.ಮೀ. ಉದ್ದಕ್ಕೆ ಕತ್ತರಿಸಿ, ಕೆಳಗಿನ ಅಂಚಿನಿಂದ ಮೇಲಕ್ಕೆ ಸಾಲು ಸಾಲಾಗಿ, ಪ್ರತಿ ಸಾಲು ಹಿಂದಿನದರ ಮುಕ್ಕಾಲು ಭಾಗ ಮುಚ್ಚುವಂತೆ. ಇಳಿಜಾರು 45 ಡಿಗ್ರಿಗೆ ಕಡಿಮೆಯಾದರೆ ಹುಲ್ಲಿನ ಮನೆಯ ಲಕ್ಷಣ ಬರುವುದಿಲ್ಲ. ಕೊನೆಯಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕೆಳಮುಖವಾಗಿ ಬಾಚಿ, ಅಂಚನ್ನು ಕತ್ತರಿಯಲ್ಲಿ ಒಂದೇ ಸಮ ಮಾಡಿ.

ಅಡಿಬಿಲ್ಲೆಗೆ 8 ಎಂಎಂ ಬೋಲ್ಟಿನ ಅಗಲ ವಾಷರ್, ಹೊರ ಅಳತೆ 24ರ ಸುಮಾರು. ಸಾದಾ ಕಬ್ಬಿಣದ್ದಾದರೆ ಫೆವಿಕಾಲಿನ ನೀರಿಗೇ ತುಕ್ಕು ಹಿಡಿದು, ತಿಂಗಳೊಪ್ಪತ್ತಿನಲ್ಲಿ ಮರಳಿನ ಮೇಲೆ ಕಂದು ಕಲೆ ಬರುತ್ತದೆ. ಸತು ಲೇಪದ್ದನ್ನು ಕೇಳಿ, ಮೇಲೆ ರೆಡ್ ಆಕ್ಸೈಡ್ ಒಂದು ಕೈ. ಭಾರ ಕೆಳಗಿರುವುದರಿಂದ ಗೊಂಬೆ ಉರುಳುವುದೂ ಇಲ್ಲ.

ದುಡ್ಡು ಹೋಗುವುದು ಗೊಂಬೆಗಳಲ್ಲೇ. ಹೊರಗಿನಿಂದ ತರಿಸಿದ ಪ್ಲಾಸ್ಟಿಕ್ ಪೆಟ್ಟಿಗೆ ಸುಂಕ, ಸಾಗಣೆ ಸೇರಿ ನಾಲ್ಕು ಸಾವಿರದ ಹತ್ತಿರ ಬಿತ್ತು, ಇಬ್ಬರೂ ಅರ್ಧರ್ಧ ಹಾಕಿದೆವು. ಒಬ್ಬೊಬ್ಬರಿಗೆ ಹತ್ತಕ್ಕೂ ಹೆಚ್ಚು ಗೊಂಬೆ ಬಂದವು. ಮೃದು ಪ್ಲಾಸ್ಟಿಕ್‌ನ 1:72 ಗೊಂಬೆ ಅಗ್ಗ, ಆದರೆ ಈಟಿ ಬಾಗಿದಂತೆ ಬಣ್ಣದ ಪದರ ಸಿಡಿದು ಏಳುತ್ತದೆ. ಜೋಡಣೆಗೆ ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ ಒಂದು ಹನಿ, ಗಟ್ಟಿ ಪ್ಲಾಸ್ಟಿಕ್ ಎರಡೂ ಕಡೆ ಕರಗಿ ಒಂದಾಗುತ್ತದೆ. ಕಿಟಕಿ ತೆರೆದಿರಲಿ. ಗೊಂಬೆಯ ಭಾಗಗಳನ್ನು ಬಿಡಿಸಿಕೊಂಡ ಮೇಲೆ ಉಳಿದ ಪ್ಲಾಸ್ಟಿಕ್ ಚೌಕಟ್ಟಿನ ಚೂರುಗಳನ್ನು ಅದೇ ಥಿನ್ನರಿನಲ್ಲಿ ನೆನೆಸಿಟ್ಟರೆ ಸಂದು ತುಂಬುವ ಪೇಸ್ಟ್. ಸೂಪರ್ ಗ್ಲೂ ನಮ್ಮ ಹವೆಯಲ್ಲಿ ಬೇಗ ಹಿಡಿಯುತ್ತದೆ, ಆದರೆ ಸುತ್ತ ಬಿಳಿ ಪೊರೆ ಕಟ್ಟುತ್ತದೆ. ಅದು ಬಣ್ಣಕ್ಕೆ ಮೊದಲು ಮಾತ್ರ. ಉದ್ದ ಈಟಿಗೆ ಹಿಡಿಸೂಡಿ ಕಡ್ಡಿಯ ತುದಿಭಾಗ, ಅಶಿಗರು ಕಾಲಾಳಿಗೆ 80 ಮಿ.ಮೀ. ಗೊಂಬೆಯ ಬೆನ್ನಿಗೆ ಕಟ್ಟುವ ಬಾವುಟವನ್ನು ಲೇಸರ್ ಪ್ರಿಂಟಿನಲ್ಲೇ ತೆಗೆಸಿ, ಇಂಕ್‌ಜೆಟ್ ಶಾಯಿ ಅಂಟು ತಾಗಿದೊಡನೆ ಹರಿಯುತ್ತದೆ.

ಪ್ರೈಮರ್‌ನದು (ಬಣ್ಣಕ್ಕೆ ಮೊದಲು ಹೊಡೆಯುವ ಅಡಿಲೇಪ) ದೊಡ್ಡ ತಲೆನೋವು. ಸ್ಪ್ರೇ ದ್ರಾವಕ ಆವಿಯಾಗುವಾಗ ಗೊಂಬೆಯ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಕೂತು ಬಿಳಿ ಮಂಜು ಹಿಡಿಸುತ್ತದೆ. ಮ್ಯಾಟ್ ವಾರ್ನಿಷ್ ಕೂಡ ಹಾಗೆಯೇ, ಅದೂ ಮುಗಿದ ಗೊಂಬೆಯ ಮೇಲೆ. ಇದಕ್ಕೆ ಹಳೆಯ ಎಣ್ಣೆ ಟಿನ್ನಿನಲ್ಲಿ 40 ವಾಟ್‌ನ ತಂತಿ ಬಲ್ಬು, ಮೇಲೆ ಎರಡು ತೂತು. ಗೊಂಬೆಯನ್ನು ಹತ್ತು ನಿಮಿಷ ಬೆಚ್ಚಗೆ ಮಾಡಿ, ಜಗಲಿಗೆ ತಂದು ಹೊಡೆದು, ವಾಸನೆ ಹೋದ ಮೇಲೆ ವಾಪಸ್ ಒಳಗೆ. ಹಸಿ ಸ್ಪ್ರೇ ಇರುವಾಗ ಬಲ್ಬು ಉರಿಯಬಾರದು, ಬೆಂಕಿ ಹತ್ತುತ್ತದೆ. ಕರೆಂಟ್ ಹೋದ ದಿನ ಬಚ್ಚಲೊಲೆಯ ಮೇಲಿನ ಅಟ್ಟ, ಮುಚ್ಚಿದ ಡಬ್ಬದಲ್ಲಿ, ಇಲ್ಲದಿದ್ದರೆ ಮಸಿ ಕೂರುತ್ತದೆ.

ಬಣ್ಣ ಊರಿನ ಅಕ್ರಿಲಿಕ್ಕೇ, ಪುಟ್ಟ ಬಾಟಲಿಗೆ ನಾನು ಕೊಟ್ಟದ್ದು ಮೂವತ್ತು–ನಲವತ್ತು ರೂಪಾಯಿ. 1600ರ ಸೆಕಿಗಹಾರ ಕಾಳಗದಲ್ಲಿದ್ದ ಸೇನಾನಿ ಇಯಿ ನವೊಮಸನ ಕೆಂಪು ಕವಚದ ಪಡೆ ನನ್ನದು. ಕಪ್ಪಿನ ಮೇಲೆ ಕೆಂಪು ಏಳುವುದಿಲ್ಲ, ಅಡಿಗೆ ಇಟ್ಟಿಗೆ ಕಂದು ಹಾಕಿ. ಕವಚದ ಹೆಣೆದ ದಾರಗಳಿಗೆ ನಾನು ಮಾಡುವ ನೆರಳಿನ ಮಿಶ್ರಣ ಗೆಳೆಯನಿಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ.

ಆಟದ ಮಾತಿಗೆ ಬಂದರೆ, ಎರಡಡಿಯ ಬೋರ್ಡು ಬಯಲಾಗಿದ್ದರೆ ಬಿಲ್ಲು, ಬತ್ತಿಕೋವಿ (ಉರಿಯುವ ಬತ್ತಿಯಿಂದ ಸಿಡಿಯುವ ಕೋವಿ) ಇದ್ದವನೇ ಗೆಲ್ಲುತ್ತಾನೆ. ಆರು ಇಂಚಿಗೊಂದು ನೋಟ ತಡೆಯುವ ವಸ್ತು ಬೇಕೇ ಬೇಕು: ಮನೆ, ಬಿದಿರುಮೆಳೆ, ಬೇಲಿ. ಎಷ್ಟು ದಾಳಿ, ಎಷ್ಟು ರಕ್ಷಣೆ ಎಂದು ಒಬ್ಬೊಬ್ಬರೂ ಗುಟ್ಟಾಗಿ ನಿರ್ಧರಿಸುವ ನಿಯಮ ನಮಗೆ ಇಷ್ಟ. ಅದಕ್ಕೆ ಚೆನ್ನೆಮಣೆಯ ಮಂಜಟ್ಟಿ ಕಾಯಿ ರಕ್ಷಣೆ, ಹುಣಸೆ ಬೀಜ ದಾಳಿ, ಮುಷ್ಟಿಯಲ್ಲಿ ಹಿಡಿದು ಒಟ್ಟಿಗೆ ತೆರೆಯುವುದು. ಮುಂದೆ ಯಾರ ಸರದಿ ಎಂದು ಚೀಲದಿಂದ ಎತ್ತಲು ಮಾತ್ರ ಎಲ್ಲವೂ ಹುಣಸೆ ಬೀಜವೇ ಆಗಿರಬೇಕು, ಚುಕ್ಕೆ ಬಣ್ಣ ಬೇರೆ. ಆಕಾರ ಬೇರೆ ಇದ್ದರೆ ಬೆರಳಿಗೆ ಗೊತ್ತಾಗಿಬಿಡುತ್ತದೆ. ಒಂದು ಕಡೆ ತೇಯ್ದ ಹುಣಸೆ ಬೀಜವನ್ನು ದಾಳದ ಬದಲು ಬಳಸುವ ಪ್ರಯೋಗವೂ ನಡೆಯಿತು. ಬಿಳಿ, ಕಪ್ಪು ಸಮಸಮ ಬೀಳುವುದಿಲ್ಲ, ಎಷ್ಟು ತೇಯ್ದಿದೆ ಎನ್ನುವುದರ ಮೇಲೆ ಹೋಗುತ್ತದೆ. ದಾಳವೇ ಸರಿ.

ನಮ್ಮ ಅಚ್ಚುಮೆಚ್ಚಿನ ಆಟ 1561ರ ಕವಾನಕಾಜಿಮ ಕಾಳಗ. ಉಎಸುಗಿ ಕೆನ್‌ಶಿನ್ ರಾತ್ರಿ ಹೊಳೆ ದಾಟಿ, ಮುಂಜಾನೆಯ ಮಂಜು ಸರಿದಾಗ ತನ್ನ ಎದುರಾಳಿ ಟಕೆಡ ಶಿಂಗೆನ್‌ನ ಎದುರಿಗೇ ನಿಂತಿದ್ದ ಎನ್ನುತ್ತಾರೆ. ಆಗುಂಬೆ ಕಡೆಯ ಮಂಜು ಕಂಡವರಿಗೆ ಇದನ್ನು ವಿವರಿಸುವುದೇ ಬೇಡ. ಮೊದಲ ಸುತ್ತು ನೋಟ ಆರು ಇಂಚು, ಆಮೇಲೆ ಸುತ್ತಿಗೆ ಎರಡಿಂಚು ಹೆಚ್ಚು. ಕೋವಿಗೆ ಮುಂಚೆ ಒಂದು ದಾಳ, 1 ಅಥವಾ 2 ಬಿದ್ದರೆ ಬತ್ತಿ ಆರಿತು. ಕೋವಿ ಜಪಾನಿಗೆ ಬಂದದ್ದು 1543ರಲ್ಲಿ, ಆದ್ದರಿಂದ ಈ ಕಾಳಗದಲ್ಲಿ ಒಂದೊಂದು ಪಕ್ಷಕ್ಕೆ ಒಂದೇ ಕೋವಿ ಎಂದು ನಾವು ಕಟ್ಟು ಹಾಕಿಕೊಂಡಿದ್ದೇವೆ. 1575ರ ನಾಗಶಿನೊ ಕಾಳಗ ಆಡುವಾಗ ಮೂರು. ಮಂಜು ಹಾಕಿದ ಮೇಲೆ ಈಟಿಯವರಿಗೆ ಬೆಲೆ ಬಂತು, ಒಂದು ಆಟ ಎರಡು ಗಂಟೆಯೊಳಗೆ ಮುಗಿಯುತ್ತದೆ.

ತೀರ್ಥಹಳ್ಳಿಯಿಂದ ಶಿವಮೊಗ್ಗ 60 ಕಿ.ಮೀ., ಬಸ್ಸಿನ ಕುಲುಕಾಟಕ್ಕೆ ಈಟಿ ಮುರಿಯದಿರಲು ಪ್ಲಾಸ್ಟಿಕ್ ಡಬ್ಬದ ತಳಕ್ಕೆ ಮ್ಯಾಗ್ನೆಟ್ ಶೀಟ್ ಅಂಟಿಸಿದ್ದೇನೆ, ವಾಷರ್ ತಾನೇ ಕಚ್ಚಿಕೊಳ್ಳುತ್ತದೆ. ಒಳಗೆ ಸಿಲಿಕಾ ಜೆಲ್ ಚೀಲ. ಬಣ್ಣ ಬದಲಾಗುವ ಜಾತಿಯ ಕಾಳು ತನ್ನಿ, ತೇವ ತುಂಬಿದ್ದು ಕಣ್ಣಿಗೆ ಕಾಣುತ್ತದೆ. ಚೀಲದಿಂದ ಸುರಿದು, ಮರಳು ಹುರಿದ ಅದೇ ಕಾವಲಿಯಲ್ಲಿ ಸಣ್ಣ ಉರಿಗೆ ಮೊದಲ ಬಣ್ಣ ಬರುವವರೆಗೆ ಆಡಿಸಿದರೆ ಮತ್ತೆ ಬಳಸಬಹುದು. ಜುಲೈನಲ್ಲಿ ವಾರಕ್ಕೊಮ್ಮೆ, ದಸರಾ ಕಳೆದ ಮೇಲೆ ತಿಂಗಳಿಗೊಮ್ಮೆ.