ಸಿಡುಕ ವಿಂಗರ್‌ನನ್ನು ಇಟ್ಟುಕೊಂಡೇ ಆಡಿಸಿದ್ದು ಹೀಗೆ

ಬೆಂಗಳೂರಿನ ಫುಟ್‌ಬಾಲ್ ಲೀಗ್‌ನಲ್ಲಿ ತಂಡ ಕಟ್ಟುವವರಿಗೆಲ್ಲ ಇಂಥ ಒಬ್ಬ ಹುಡುಗ ಸಿಕ್ಕೇ ಸಿಗುತ್ತಾನೆ. ಒಂದು ವಾರ ಒಬ್ಬನೇ ಮ್ಯಾಚ್ ಗೆಲ್ಲಿಸುತ್ತಾನೆ. ಮುಂದಿನ ವಾರ ರೆಫರಿ ಮೇಲೆ ಕೂಗಾಡಿ ಕಾರ್ಡ್ ತರುತ್ತಾನೆ. ಇನ್ನೊಂದು ವಾರ ಯಾವುದೋ ಟರ್ಫ್‌ನಲ್ಲಿ ದುಡ್ಡಿಗೆ ಫೈವ್ಸ್ (ಕಡೆಗೆ ಐದೈದು ಜನರ ಫುಟ್‌ಬಾಲ್) ಆಡಲು ಹೋಗಿರುತ್ತಾನೆ, ಫೋನ್ ಸ್ವಿಚ್ ಆಫ್. ನಮ್ಮ ರೈಟ್ ವಿಂಗರ್, ಅಂದರೆ ಬಲ ಅಂಚಿನಲ್ಲಿ ದಾಳಿ ಮಾಡುವವನು, ಅಂಥವನು. ಬಿಟ್ಟುಬಿಡಿ ಎಂದು ಕ್ಲಬ್‌ನವರೆಲ್ಲ ಹೇಳಿದರು. ನಾನು ಬಿಡಲಿಲ್ಲ. ಕಳೆದ ಸೀಸನ್‌ನಲ್ಲಿ ನಮ್ಮ ಗೋಲುಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಅವನಿಂದಲೇ ಬಂತು.

ಮೊದಲು ದಂಡ ಹಾಕಿ ನೋಡಿದ್ದೆವು. ಬಾಯಿ ಮಾಡಿ ಹಳದಿ ಕಾರ್ಡ್ ತಂದರೆ 500 ರೂಪಾಯಿ. ಸಾಲ ಮಾಡಿಯಾದರೂ ಕಟ್ಟಿಬಿಡುತ್ತಿದ್ದ. ಕಟ್ಟಿದ ಮೇಲೆ ಲೆಕ್ಕ ಚುಕ್ತಾ, ಮುಂದಿನ ಮ್ಯಾಚ್‌ನಲ್ಲಿ ಮತ್ತೆ ಅದೇ. ಬೆಂಚ್ ಮೇಲೆ ಕೂರಿಸಿದರೆ ಅವನನ್ನು ಕಾಯಬೇಕಾದ ಎದುರು ತಂಡದ ಲೆಫ್ಟ್ ಬ್ಯಾಕ್ (ಎಡ ಅಂಚಿನ ಡಿಫೆಂಡರ್) ಭಯವಿಲ್ಲದೆ ಮೇಲೆ ಬರುತ್ತಿದ್ದ. ನಷ್ಟ ನಮಗೇ.

ಕಾರ್ಡ್‌ಗಿಂತ ದೊಡ್ಡ ಪೆಟ್ಟು ಬೇರೆ ಇದೆ. ಅವನು ಕೂಗಾಡುವ ಹತ್ತು ಸೆಕೆಂಡ್ ಉಳಿದವರೆಲ್ಲ ನಿಂತು ನೋಡುತ್ತಾರೆ. 2023ರ ಮಾರ್ಚ್‌ನಲ್ಲಿ ಕಂಠೀರವದಲ್ಲಿ ನಡೆದದ್ದು ನೆನಪಿದೆ ಅಲ್ವಾ? ಕೇರಳ ಬ್ಲಾಸ್ಟರ್ಸ್‌ನವರು ಇನ್ನೂ ಸಿದ್ಧರಾಗುತ್ತಿರುವಾಗಲೇ ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು. ಬ್ಲಾಸ್ಟರ್ಸ್ ಮೈದಾನ ಬಿಟ್ಟು ನಡೆಯಿತು, ಆಮೇಲೆ 4 ಕೋಟಿ ದಂಡ ಬಿತ್ತು. ಆ ಕ್ಲಿಪ್ ಹುಡುಗರಿಗೆ ತೋರಿಸಿದೆ. ಯಾರು ಸರಿ ಎಂಬ ಚರ್ಚೆಗೆ ಬಿಡಲಿಲ್ಲ. ಚೆಂಡು ಎಲ್ಲಿದೆ, ಕಣ್ಣು ಎಲ್ಲಿದೆ, ಅಷ್ಟೇ ಕೇಳಿದೆ.

ಆಮೇಲೆ ಶುರು ಮಾಡಿದ್ದೇ ಸುಳ್ಳು ಸೀಟಿ. ಪ್ರಾಕ್ಟೀಸ್ ಮ್ಯಾಚ್‌ನಲ್ಲಿ ಬೇಕೆಂದೇ ಅವನ ವಿರುದ್ಧ ತಪ್ಪು ತೀರ್ಪು ಕೊಡುತ್ತಿದ್ದೆ. ತಕ್ಷಣ ಅವನ ಹಿಂದೆ ಆಡುವ ರೈಟ್ ಬ್ಯಾಕ್ ಓಡಿಬಂದು ಅವನಿಗೂ ರೆಫರಿಗೂ ನಡುವೆ ನಿಲ್ಲಬೇಕು. ಡಿಫೆನ್ಸಿವ್ ಮಿಡ್‌ಫೀಲ್ಡರ್ ರೈಟ್ ಬ್ಯಾಕ್‌ನ ಜಾಗ ತುಂಬಬೇಕು. ಮೊದಮೊದಲು ಜಗಳವೇ ಜಾಸ್ತಿ. "ಸರ್, ಇರೋ ತಲೆನೋವು ಸಾಲ್ದಾ?" ಎಂದು ನಮ್ಮ ಅಸಿಸ್ಟೆಂಟ್ ಕೋಚ್ ಬೇಜಾರಾದರು. ಒಂದೂವರೆ ತಿಂಗಳಾಗುವಷ್ಟರಲ್ಲಿ ಯಾರೂ ಹೇಳದೆಯೇ ಇಬ್ಬರೂ ಜಾಗಕ್ಕೆ ಓಡತೊಡಗಿದರು.

ಇದರ ನಡುವೆ ಒಂದು ಗುರುತೂ ಸಿಕ್ಕಿತು. ಸಿಡಿಯುವ ಮುಂಚೆ ಅವನು ಬಗ್ಗಿ ಸಾಕ್ಸ್ ಕೆಳಗೆ ತಳ್ಳಿ, ಸರಿಯಾಗಿಯೇ ಇರುವ ಶಿನ್ ಗಾರ್ಡ್ ಅನ್ನು ಮತ್ತೆ ಸರಿಮಾಡುತ್ತಾನೆ. ಅದು ಕಂಡರೆ ಸಾಕು, ರೈಟ್ ಬ್ಯಾಕ್ ಒಂದು ಮಾತು ಕೂಗುತ್ತಾನೆ. ಆ ಮಾತು ಯಾವುದು ಎಂದು ಇಲ್ಲಿ ಹೇಳುವುದಿಲ್ಲ, ಇನ್ನೂ ಅದೇ ಲೀಗ್‌ನಲ್ಲಿ ಆಡಬೇಕು.

ಯುರೋಪ್ ದೇಶಗಳ ಟೂರ್ನಿ ಯೂರೋ 2024ರಲ್ಲಿ ಕ್ಯಾಪ್ಟನ್ ಮಾತ್ರ ರೆಫರಿ ಹತ್ತಿರ ಹೋಗಿ ಕೇಳಬಹುದು ಎಂದು ಮಾಡಿದ್ದರಲ್ಲ, ಅದನ್ನು ನೋಡಿ ಕ್ಯಾಪ್ಟನ್ ಆರ್ಮ್‌ಬ್ಯಾಂಡ್ ಅವನಿಗೇ ಕಟ್ಟಿ ನೋಡಿದೆ. ಕೆಲವು ಮ್ಯಾಚ್ ಚೆನ್ನಾಗಿತ್ತು. ಆಮೇಲೆ ವಾದ ಮಾಡಲು ಲೈಸೆನ್ಸ್ ಸಿಕ್ಕಂತೆ ಆಡತೊಡಗಿದ. ಬಿಚ್ಚಿಸಿದೆ.

ದಂಡ ತೆಗೆದು ಬಿರಿಯಾನಿ ತಂದೆ. ಬಾಯಿ ಮಾಡಿದ್ದಕ್ಕೆ ಯಾರಿಗೂ ಕಾರ್ಡ್ ಬೀಳದಿದ್ದರೆ ಇಡೀ ತಂಡಕ್ಕೆ ಊಟ. ಒಂದು ಸಲಕ್ಕೆ ಎರಡೂವರೆ ಸಾವಿರ ಆಗುತ್ತದೆ, ಅರ್ಧ ನನ್ನ ಜೇಬಿನದು. ಈಗ ಅವನನ್ನು ತಡೆಯಲು ಹತ್ತು ಜನ ಇದ್ದಾರೆ. ಫೈವ್ಸ್‌ಗೆ ಹೋದರೆ ಅವನಿಗೆ ದಿನಕ್ಕೆ ಸಾವಿರ, ಒಂದೂವರೆ ಸಾವಿರ ಸಿಗುತ್ತದೆ. ನಾವು ಕೊಡುವುದು ಬಸ್ ಚಾರ್ಜು. ಸುಮ್ನೆ ಬೈದು ಏನು ಪ್ರಯೋಜನ? ಎರಡು ದಿನ ಮುಂಚೆ ಹೇಳಿ ಹೋಗು ಎಂದೆ. ಈಗ ಹೇಳುತ್ತಾನೆ. ಅವನಿಲ್ಲದ ತಂಡವನ್ನೂ ಪ್ರಾಕ್ಟೀಸ್‌ನಲ್ಲಿ ಆಡಿಸಿಟ್ಟಿರುತ್ತೇನೆ.

ಕಳೆದ ಸೀಸನ್‌ನಲ್ಲಿ ಅವನ ಬಾಯಿಗೆ ಬಿದ್ದದ್ದು ಎರಡೋ ಮೂರೋ ಕಾರ್ಡ್. ಅದಕ್ಕೂ ಹಿಂದೆ ಎಂಟು ದಾಟಿತ್ತು. ಈ ಸಲ ಬಂದಿರುವ ಸ್ಟಾಪರ್‌ನದು (ನಡುವಿನ ಡಿಫೆಂಡರ್) ಬೇರೆ ಸಮಸ್ಯೆ: ನಮಗೆ ಒಂದು ಗೋಲು ಬಿದ್ದರೆ ಬಾಯೇ ಬಿಡುವುದಿಲ್ಲ. ಅವನಿಗೆ ಸುಳ್ಳು ಸೀಟಿ ನಡೆಯುವುದಿಲ್ಲ. ಪ್ರತಿ ಗೋಲ್ ಕಿಕ್‌ಗೂ ಮುಂಚೆ ಡಿಫೆನ್ಸ್ ಲೈನ್ ಎಲ್ಲಿ ನಿಲ್ಲಬೇಕೆಂದು ಅವನೇ ಕೂಗಬೇಕು ಎಂಬ ಕೆಲಸ ಹಚ್ಚಿದ್ದೇನೆ.