ಪೋಸ್ಟ್‌ಕನ್‌ಸ್ಟ್ರಕ್ಟ್‌ನಲ್ಲಿ ಟ್ರಾನ್ಸಾಕ್ಷನಲ್ ಕೆಲಸ ಮಾಡಲ್ಲ
ಸ್ಪ್ರಿಂಗ್ ಬೂಟ್ ಆ್ಯಪ್ ಶುರುವಾಗುವಾಗ ಡೇಟಾಬೇಸ್‌ನಿಂದ ಏನಾದರೂ ಓದಿಟ್ಟುಕೊಳ್ಳಬೇಕಾ? ಓದುವ ಮೆಥಡ್‌ಗೆ ಪೋಸ್ಟ್‌ಕನ್‌ಸ್ಟ್ರಕ್ಟ್ (ಆಬ್ಜೆಕ್ಟ್ ತಯಾರಾದ ಕೂಡಲೇ ಓಡು ಎನ್ನುವ ಗುರುತು) ಬದಲು ಈವೆಂಟ್‌ಲಿಸನರ್ ಹಾಕಿ, ಆ್ಯಪ್ ಸಿದ್ಧವಾದಾಗ ಬರುವ ಅಪ್ಲಿಕೇಷನ್‌ರೆಡಿಈವೆಂಟ್‌ಗೆ ಕಟ್ಟಿ. ಮೆಥಡನ್ನು ಡೇಟಾಬೇಸ್ ಟ್ರಾನ್ಸಾಕ್ಷನ್ ಒಳಗೆ ಓಡಿಸುವ ಟ್ರಾನ್ಸಾಕ್ಷನಲ್ ಗುರುತು ಹಾಗೇ ಇರಲಿ. ಪೋಸ್ಟ್‌ಕನ್‌ಸ್ಟ್ರಕ್ಟ್ ಓಡುವ ಹೊತ್ತಿಗೆ ಡಿಪೆಂಡೆನ್ಸಿಗಳೆಲ್ಲ ಬಂದಿರುತ್ತವೆ, ಆದರೆ ಬೀನ್‌ಗೆ (ಸ್ಪ್ರಿಂಗ್ ನೋಡಿಕೊಳ್ಳುವ ಆಬ್ಜೆಕ್ಟ್) ಪ್ರಾಕ್ಸಿ, ಅಂದರೆ ಹೊರಗಿನ ಕರೆಗಳನ್ನು ಮೊದಲು ಹಿಡಿಯುವ ಹೊದಿಕೆ, ಇನ್ನೂ ಸುತ್ತಿರುವುದಿಲ್ಲ. ಟ್ರಾನ್ಸಾಕ್ಷನ್ ತೆರೆಯುವುದು ಆ ಪ್ರಾಕ್ಸಿಯೇ ಅಲ್ವಾ? ಹಾಗಾಗಿ ಅಲ್ಲಿ ಬರೆದ ಟ್ರಾನ್ಸಾಕ್ಷನಲ್ ಸುಮ್ನೆ ಅಲಂಕಾರಕ್ಕೆ. ರೆಪಾಸಿಟರಿಯ ಕ್ವೆರಿ ಸರಿಯಾಗೇ ಓಡುತ್ತದೆ, ಅದಕ್ಕೇ ಮೋಸ ಹೋಗುವುದು ಜಾಸ್ತಿ. ಆದರೆ ಲೇಜಿ ಕಲೆಕ್ಷನ್ (ಮುಟ್ಟಿದಾಗಷ್ಟೇ ಡೇಟಾಬೇಸ್‌ನಿಂದ ಬರುವ ಪಟ್ಟಿ) ಮುಟ್ಟಿದ ಕೂಡಲೇ, ಟ್ರಾನ್ಸಾಕ್ಷನ್ ಇಲ್ಲದ್ದರಿಂದ, ಡೇಟಾಬೇಸ್ ಲೈಬ್ರರಿ ಹೈಬರ್ನೇಟ್ ಲೇಜಿ‌ಇನಿಷಿಯಲೈಸೇಷನ್‌ಎಕ್ಸೆಪ್ಷನ್ ಎಸೆಯುತ್ತದೆ. ಒಂದು ಎಚ್ಚರ: ಲಿಸನರ್ ಮೆಥಡ್ ಒಳಗಿಂದ ಅದೇ ಕ್ಲಾಸಿನ ಇನ್ನೊಂದು ಟ್ರಾನ್ಸಾಕ್ಷನಲ್ ಮೆಥಡ್ ಕರೆದರೆ ಮತ್ತದೇ ಕಥೆ, ಕರೆ ಪ್ರಾಕ್ಸಿಯ ಮೂಲಕ ಹೋಗುವುದೇ ಇಲ್ಲ. ಟ್ರಾನ್ಸಾಕ್ಷನಲ್ ಗುರುತು ಲಿಸನರ್ ಮೆಥಡ್ ಮೇಲೆಯೇ ಇರಬೇಕು. ಇನ್ನೊಂದು, ಈ ಈವೆಂಟ್ ಬರುವಷ್ಟರಲ್ಲಿ ವೆಬ್ ಸರ್ವರ್ ರಿಕ್ವೆಸ್ಟ್ ತೆಗೆದುಕೊಳ್ಳಲು ಶುರು ಮಾಡಿರುತ್ತದೆ. ಮೊದಲ ರಿಕ್ವೆಸ್ಟ್‌ಗೂ ಮುಂಚೆ ಕ್ಯಾಶ್ (ಓದಿಟ್ಟುಕೊಂಡ ಡೇಟಾ) ತುಂಬಿರಲೇಬೇಕು ಅಂದರೆ ಈ ದಾರಿ ಬೇಡ. ಪೋಸ್ಟ್‌ಕನ್‌ಸ್ಟ್ರಕ್ಟ್‌ನಲ್ಲೇ ಉಳಿದು, ಟ್ರಾನ್ಸಾಕ್ಷನ್‌ಟೆಂಪ್ಲೇಟ್ ಇಂಜೆಕ್ಟ್ ಮಾಡಿಕೊಂಡು ಅದರ ಎಕ್ಸಿಕ್ಯೂಟ್ ಒಳಗೆ ಓದಿ. ಅದಕ್ಕೆ ಪ್ರಾಕ್ಸಿಯ ಹಂಗಿಲ್ಲ.