ಮೂರು ದಿನ ಬರೀ ಕುರಿ

ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್‌ಗೆ ನಾವು ಹೋಗಿದ್ದು ಮೇ ಕೊನೆಯ ವಾರ. ಕೇರ್ನ್‌ಗಾರ್ಮ್ಸ್ ನ್ಯಾಷನಲ್ ಪಾರ್ಕಿನ ಅಂಚಿನಲ್ಲಿ, ಹಳ್ಳಿಯಿಂದಲೂ ಸ್ವಲ್ಪ ದೂರಕ್ಕೆ, ಒಂದು ಕಲ್ಲಿನ ಕಾಟೇಜು ಹಿಡಿದಿದ್ದೆವು. ಬ್ರಿಟನ್ನಿನಲ್ಲೇ ಎಲ್ಲಕ್ಕಿಂತ ದೊಡ್ಡ ಪಾರ್ಕ್ ಅದು, 4,500 ಚದರ ಕಿಲೋಮೀಟರಿಗೂ ಜಾಸ್ತಿ. ಅಷ್ಟು ಜಾಗದಲ್ಲಿ ಪ್ರಾಣಿ ಕಾಣದೇ ಎಲ್ಲಿ ಹೋಗುತ್ತವೆ ಎಂದುಕೊಂಡು ಮೊದಲ ಮೂರು ದಿನ ಕಾರಲ್ಲೇ ಸುತ್ತಿದೆವು. ಕಂಡಿದ್ದು ಕುರಿ. ಗುಡ್ಡದ ಮೇಲೆ ಕುರಿ, ರಸ್ತೆ ಮಧ್ಯೆ ಕುರಿ.

ಎರಡನೇ ದಿನ ಮಾತ್ರ ಒಂದು ಸಂಭ್ರಮ ಆಯಿತು. ಕಂಬದ ಮೇಲೆ ದೊಡ್ಡ ಕಂದು ಹಕ್ಕಿ. ‘ಗೋಲ್ಡನ್ ಈಗಲ್!’ ಎಂದು ಕೂಗಿ, ಕಾರು ನಿಲ್ಲಿಸಿ, ನಲವತ್ತು ಫೋಟೋ ತೆಗೆದೆ. ಸಂಜೆ ಕಾಟೇಜಿನ ಒಡತಿಗೆ ತೋರಿಸಿದರೆ ಅವರು ಮೆಲ್ಲಗೆ ನಕ್ಕರು. ಅದು ಬಜರ್ಡ್ ಎನ್ನುವ ಸಾಮಾನ್ಯ ಗಿಡುಗ ಅಂತೆ. ನಮ್ಮಂಥವರು ದಿನಾ ಮೋಸ ಹೋಗುವುದರಿಂದ ಅದಕ್ಕೆ ಅಲ್ಲಿ ಟೂರಿಸ್ಟ್ ಈಗಲ್ ಅಂತಲೇ ಅಡ್ಡಹೆಸರು. ರಸ್ತೆ ಬದಿಯ ಕಂಬದ ಮೇಲೆ ಆರಾಮಾಗಿ ಕೂತಿದ್ದರೆ ಅದು ಬಹುಮಟ್ಟಿಗೆ ಬಜರ್ಡೇ. ಗೋಲ್ಡನ್ ಈಗಲ್ ಮನುಷ್ಯರ ಹತ್ತಿರ ಹಾಗೆಲ್ಲ ಬಂದು ಕೂರುವುದಿಲ್ಲ. ‘ನೀವು ಕಾರಿಂದ ಇಳಿಯೋದೇ ಇಲ್ವಲ್ಲ’ ಎಂದೂ ಅವರು ಹೇಳಿದರು. ನಾಚಿಕೆ ಆಯಿತು.

ನಾಲ್ಕನೇ ದಿನ ಫಿಂಡ್‌ಹಾರ್ನ್ ಕಣಿವೆಗೆ ಹೋದೆವು. ಟೊಮಾಟಿನ್ ಹಳ್ಳಿಯಿಂದ ಒಂದೇ ಗಾಡಿ ಹಿಡಿಯುವ ಸಣ್ಣ ರಸ್ತೆ ಒಳಗೆ ಹೋಗುತ್ತದೆ. ಎದುರಿನ ಗಾಡಿಗೆ ದಾರಿ ಬಿಡಲು ಅಲ್ಲಲ್ಲಿ ಅಗಲ ಮಾಡಿರುತ್ತಾರೆ, ಅಲ್ಲಿ ಕಾರು ನಿಲ್ಲಿಸಿ ಹಕ್ಕಿ ನೋಡುತ್ತಾ ಕೂರಬಾರದು. ರಸ್ತೆ ಮುಗಿಯುವ ಕಡೆ ನಿಲ್ಲಿಸಿ, ಹೊಳೆ ದಂಡೆಯ ಬಂಡೆ ಮೇಲೆ ಫ್ಲಾಸ್ಕು ಇಟ್ಟುಕೊಂಡು ಕೂತೆವು. ಎದ್ದು ಹೋಗಬಾರದು ಎಂದು ಮೊದಲೇ ಮಾತಾಡಿಕೊಂಡಿದ್ದೆವು.

ಮೊದಲ ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಕಣ್ಣು ಪಳಗಿತು. ಎದುರಿನ ಇಳಿಜಾರಿನಲ್ಲಿ ಕಂದು ಕಲ್ಲುಗಳು ಅಂದುಕೊಂಡಿದ್ದವುಗಳಲ್ಲಿ ಒಂದು ಕಿವಿ ಅಲ್ಲಾಡಿಸಿತು. ಎಣಿಸಿದರೆ ಹದಿನೇಳು ಕೆಂಪು ಜಿಂಕೆಗಳು! ಅಷ್ಟು ಹೊತ್ತೂ ಅಲ್ಲೇ ಇದ್ದವು. ಗಂಡುಗಳಿಗೆ ಹೊಸ ಕೊಂಬು ಬೆಳೆಯುವ ಕಾಲ ಅದು, ಕೊಂಬಿನ ಮೇಲೆ ಮಖಮಲ್ಲಿನಂಥ ತೊಗಲು. ಗಾಳಿ ಅವುಗಳ ಕಡೆಯಿಂದ ನಮ್ಮ ಕಡೆಗೆ ಬೀಸುತ್ತಿತ್ತು, ಅದಕ್ಕೇ ಓಡಲಿಲ್ಲ. ಇದು ಸುಮ್ನೆ ಅದೃಷ್ಟ, ನಾನು ಯೋಚಿಸಿ ಕೂತಿದ್ದಲ್ಲ. ಮರುದಿನದಿಂದ ಮಾತ್ರ ಒಂದು ಹಿಡಿ ಒಣಹುಲ್ಲು ಹಾರಿಸಿ ಗಾಳಿ ನೋಡಿಯೇ ಕೂರುತ್ತಿದ್ದೆ.

ಹದ್ದಿನ ವಿಷಯಕ್ಕೆ ಒಡತಿ ಹೇಳಿಕೊಟ್ಟಿದ್ದು ಒಂದೇ. ಆಕಾಶ ನೋಡಬೇಡಿ, ಗುಡ್ಡದ ನೆತ್ತಿಯ ಗೆರೆಯ ಮೇಲೆ ದುರ್ಬೀನನ್ನು ಎಡದಿಂದ ಬಲಕ್ಕೆ ಮೆಲ್ಲಗೆ ಸರಿಸಿ. ಹನ್ನೊಂದರ ಹೊತ್ತಿಗೆ ಬಿಸಿಲೇರಿ ಗಾಳಿ ಮೇಲೇಳತೊಡಗಿದಾಗ ಆ ಗೆರೆಯಿಂದ ಒಂದು ಹಕ್ಕಿ ಎದ್ದಿತು. ‘ರೀ, ಇದೂ ಬಜರ್ಡೇ ಇರ್ಬೇಕು’ ಎಂದಳು ಹೆಂಡತಿ. ನನಗೂ ಬಾಯಿ ಬಿಡಲು ಧೈರ್ಯ ಇಲ್ಲ. ಅಷ್ಟರಲ್ಲಿ ನಿಜವಾದ ಬಜರ್ಡ್ ಒಂದು ಬಂದು ಅದರ ಮೇಲೆ ಎರಗಿತು. ಪಕ್ಕದಲ್ಲಿ ಅಳತೆ ಸಿಕ್ಕಿತಲ್ಲ! ಬಜರ್ಡ್ ಕಾಗೆಮರಿಯಂತೆ ಕಂಡಿತು. ಇದು ಗೋಲ್ಡನ್ ಈಗಲ್ಲೇ, ರೆಕ್ಕೆ ಬಿಚ್ಚಿದರೆ ಎರಡು ಮೀಟರ್. ತೇಲುವಾಗ ರೆಕ್ಕೆಗಳನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದಿತ್ತು, ಬಾಲ ಉದ್ದ, ಬಡಿತವೇ ಇಲ್ಲ. ನಾಲ್ಕು ನಿಮಿಷ ಇದ್ದಿರಬಹುದು. ಒಂದೂ ಫೋಟೋ ತೆಗೆಯಲಿಲ್ಲ.

ದುರ್ಬೀನು ಬಗ್ಗೆ ಕೇಳುವವರಿಗೆ: ನನ್ನದು 8×42, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವುದು, ಮುಂದಿನ ಗಾಜು 42 ಮಿಲಿಮೀಟರ್ ಅಗಲ. ಹತ್ತು ಪಟ್ಟಿನದು ಕೈ ನಡುಗಿದರೆ ಜಾಸ್ತಿ ಕುಣಿಯುತ್ತದೆ.

ಅಬರ್ನೆಥಿ ಪೈನ್ ಕಾಡಿನಲ್ಲೂ ಒಂದು ಬೆಳಿಗ್ಗೆ ನಡೆದೆವು. ಕೆಂಪು ಅಳಿಲು ಸಿಕ್ಕಿತು, ಬ್ರಿಟನ್ನಿನಲ್ಲಿ ಈ ಭಾಗದ ಪೈನ್ ಕಾಡು ಬಿಟ್ಟರೆ ಬೇರೆಲ್ಲೂ ಇಲ್ಲದ ಜುಟ್ಟಿನ ಟಿಟ್ ಹಕ್ಕಿಯೂ ಸಿಕ್ಕಿತು. ಮೀನು ಹಿಡಿಯುವ ಆಸ್ಪ್ರೇ ಗಿಡುಗ ಈ ದೇಶದಲ್ಲಿ ಗೂಡು ಕಟ್ಟುವುದೇ ನಿಂತುಹೋಗಿ, 1954ರಲ್ಲಿ ಮರಳಿ ಬಂದಿದ್ದು ಇದೇ ಕಾಡಿನ ಲಾಕ್ ಗಾರ್ಟನ್ ಸರೋವರಕ್ಕೆ. ಮೊಟ್ಟೆ ಕದಿಯುವವರ ಕಾಟಕ್ಕೆ ಗೂಡಿಗೆ ರಾತ್ರಿ ಹಗಲು ಕಾವಲು ಹಾಕಿದ್ದರಂತೆ. ಕ್ಯಾಪರ್‌ಕೇಲಿ ಎನ್ನುವ ದೊಡ್ಡ ಕಾಡುಕೋಳಿಯೂ ಇಲ್ಲಿದೆ, ಆದರೆ ಅದನ್ನು ನಾವು ಹುಡುಕಲಿಲ್ಲ. ಇಡೀ ದೇಶದಲ್ಲಿ ಉಳಿದಿರುವುದು ಐನೂರರ ಆಸುಪಾಸು. ಕಾಲುದಾರಿ ಬಿಟ್ಟು ಒಳಗೆ ನುಗ್ಗಿ ಅದನ್ನು ಎಬ್ಬಿಸುವುದು ಬೇಡ ಅನ್ನಿಸಿತು. ಗೂಡಿನ ಹತ್ತಿರ ಬೇಕೆಂದೇ ತೊಂದರೆ ಕೊಟ್ಟರೆ ಅಪರಾಧವೂ ಹೌದು.

ನುಸಿ ಬಗ್ಗೆ ಹೇಳಲೇಬೇಕು. ಮಿಜ್ ಅಂತಾರೆ. ಮಳೆಗಾಲದ ಮಲೆನಾಡಿನ ಇಂಬಳ ಕಂಡವನು ನಾನು, ಆದರೂ ಇದಕ್ಕೆ ಸೋತೆ. ಇಂಬಳವನ್ನು ಕಿತ್ತು ಎಸೆಯಬಹುದು, ಇದು ಹೊಗೆಯ ಹಾಗೆ ಬಂದು ಮುತ್ತುತ್ತದೆ. ಗಾಳಿ ಇದ್ದರೆ ಹಾರಲಾರವು. ಹಾಗಾಗಿ ಗಾಳಿ ನಿಂತ ಸಂಜೆ ಹೊರಗೆ ಕೂರುವ ಹಟ ಬಿಟ್ಟು ಕಿಟಕಿ ಹಿಂದೆ ಕೂತೆವು.

ಕಿಟಕಿಯಿಂದಲೇ ಪೈನ್ ಮಾರ್ಟನ್ ಕಂಡಿದ್ದು. ನೀರುನಾಯಿಯ ಕುಟುಂಬದ್ದು, ಬೆಕ್ಕಿನ ಗಾತ್ರ, ಕಂದು ಮೈ, ಕೆನೆಹಳದಿ ಎದೆ. ಒಡತಿ ಉಪ್ಪಿಲ್ಲದ ಕಡಲೆಕಾಯಿ ಬೀಜ, ಒಂದು ಚಮಚ ಜಾಮ್ ಕೊಟ್ಟು ಗೋಡೆ ಮೇಲೆ ಇಡಲು ಹೇಳಿದ್ದರು. ಮೇ ಕೊನೆಯಲ್ಲಿ ರಾತ್ರಿ ಹತ್ತಕ್ಕೂ ಅಲ್ಲಿ ಬೆಳಕಿರುತ್ತದೆ. ದೀಪ ಆರಿಸಿ ಕಾದೆವು. ಎರಡು ರಾತ್ರಿ ಬರಲಿಲ್ಲ. ಮೂರನೇ ರಾತ್ರಿ ನಾನು ತೂಕಡಿಸುತ್ತಿದ್ದೆ, ಹೆಂಡತಿ ಮೊಣಕೈಯಿಂದ ತಿವಿದಳು. ಗೋಡೆ ಮೇಲೆ ಅದು. ಮೊದಲು ಜಾಮ್, ಆಮೇಲೆ ಬೀಜ. ಒಂದೊಂದೇ ಬೀಜ ಕಡಿಯುವ ಸದ್ದು ಗಾಜಿನ ಈಚೆಗೂ ಕೇಳುತ್ತಿತ್ತು.

ವಾಪಸಾಗುವ ದಿನ ಚಾನನ್‌ರಿ ಪಾಯಿಂಟಿಗೆ ಡಾಲ್ಫಿನ್ ನೋಡಲು ಹೋದೆವು. ಈ ಸಲ ಗಡಿಯಾರಕ್ಕೆ ಬದಲು ಸಮುದ್ರದ ಇಳಿತದ ಪಟ್ಟಿ ನೋಡಿ ಹೊರಟೆವು. ಇಳಿತ ಮುಗಿದು ನೀರು ಏರತೊಡಗಿದಾಗ ಮೀನಿನ ಬೆನ್ನು ಹತ್ತಿ ಅವು ದಡದ ತೀರಾ ಹತ್ತಿರ ಬರುತ್ತವೆ. ಕಲ್ಲುಗಳ ಮೇಲೆ ಮುಕ್ಕಾಲು ಗಂಟೆ ಕೂತಿದ್ದಕ್ಕೆ ಆರು ಡಾಲ್ಫಿನ್ ಬಂದವು, ಒಂದು ತಾಯಿ ಮರಿ ಸಮೇತ.

ಮುಂದಿನ ಸಲ ಅಕ್ಟೋಬರಿಗೆ ಹೋಗೋಣ ಎಂದುಕೊಂಡಿದ್ದೇವೆ. ಗಂಡು ಜಿಂಕೆಗಳು ಕಣಿವೆ ತುಂಬ ಕೂಗಾಡುವ ಕಾಲ, ನುಸಿಯೂ ಇರುವುದಿಲ್ಲ. ಅದೇ ಕಾಟೇಜನ್ನೇ ಕೇಳಿದ್ದೇವೆ.